ಅಗ್ಗದ ಸಾಮಾನೂ ಅಸಮತೆಯ ಲೆಕ್ಕವೂ

ಪೇಟೆಯ ಲೆಕ್ಕದಲ್ಲಿ ಸಮಚಿಹ್ನೆಗೆ ಸ್ಥಾನ ಕಡಿಮೆ. ಶಾಲೆಯಲ್ಲಿ ಇಷ್ಟು ಕಿಲೋಗೆ ಎಷ್ಟು ರೂಪಾಯಿ ಎಂದು ಕೇಳಿ ಒಂದೇ ಉತ್ತರವನ್ನು ಬರೆಯಿಸುತ್ತಾರೆ. ಊರಿಗೆ ಹಣ ಕಳುಹಿಸಿ ಉಳಿದುದರಲ್ಲಿ ತಿಂಗಳನ್ನು ಸಾಗಿಸುವವನ ಪ್ರಶ್ನೆಯೇ ಬೇರೆ: ಎಷ್ಟಕ್ಕೆ ಕಡಿಮೆಯಾಗಬಾರದು, ಎಷ್ಟನ್ನು ಮೀರಬಾರದು? ಗಣಿತಶಾಸ್ತ್ರಜ್ಞರು ಇದನ್ನೇ ರೇಖೀಯ ಅಸಮತೆ ಎನ್ನುತ್ತಾರೆ. ಹೆಸರಿಗೆ ಹೆದರಬೇಕಾಗಿಲ್ಲ.

ವಾಶಿಯ ಸಗಟು ಮಾರುಕಟ್ಟೆಯಲ್ಲಿ ಈರುಳ್ಳಿ ಕಿಲೋಗೆ 8 ರೂಪಾಯಿ ಅಗ್ಗವೆಂದು ಕೇಳಿ, ಡೊಂಬಿವಲಿಯ ಗುಮಾಸ್ತರೊಬ್ಬರು ಭಾನುವಾರ ಠಾಣೆಯಲ್ಲಿ ಗಾಡಿ ಬದಲಿಸಿ ಅಲ್ಲಿಗೆ ಹೊರಟರೆಂದು ಇಟ್ಟುಕೊಳ್ಳೋಣ. ರೈಲು, ರಿಕ್ಷಾ ಕೂಡಿ ಖರ್ಚು 120 ರೂಪಾಯಿ. ತರುವ ಈರುಳ್ಳಿ ‘ಕ’ ಕಿಲೋ ಎಂದರೆ ಉಳಿತಾಯ 8ಕ. ಅದು 120ನ್ನು ಮೀರಿದರಷ್ಟೇ ಲಾಭ; ಎಂದರೆ ‘ಕ’ 15ಕ್ಕಿಂತ ಹೆಚ್ಚಾಗಬೇಕು. ಆದರೆ ಕೊಳೆಯುವ ಮೊದಲು ಮನೆಯಲ್ಲಿ ಮುಗಿಯುವುದು 6 ಕಿಲೋ ಮಾತ್ರ. 15ನ್ನು ಮೀರಿಯೂ 6ನ್ನು ಮೀರದ ಸಂಖ್ಯೆ ಎಲ್ಲಿದೆ? ಹೋಗದಿರುವುದೇ ಉತ್ತರ. ಮೂರು ಮನೆಯವರು ಕೂಡಿ 18 ಕಿಲೋ ತರಿಸಿದರೆ 24 ರೂಪಾಯಿ ಉಳಿಯುತ್ತದೆ, ಮನೆಗೆ 8ರಂತೆ. ಅಷ್ಟಕ್ಕಾಗಿ ರಜೆಯ ದಿನ ಚೀಲ ಹೊರುವುದಕ್ಕಿಂತ ನಿದ್ರಿಸುವುದು ಮೇಲೆಂದು ನನ್ನ ಮತ. ಹೋಟೆಲಿನವರ ಮಾತು ಬೇರೆ. ಅವರ ಅಡಿಗೆಮನೆಗೆ 6ರ ಮಿತಿಯಿಲ್ಲ.

ಅಂಗಡಿಗಳ ರಿಯಾಯಿತಿಯೂ ಹೀಗೆಯೇ. 1000 ರೂಪಾಯಿಯ ಖರೀದಿಗೆ 100 ಬಿಡುತ್ತೇವೆಂಬ ಫಲಕವನ್ನು ಕಂಡು, 850ರ ಸಾಮಾನು ಬೇಕಾಗಿದ್ದವರು ಇನ್ನೂ 150ರಷ್ಟು ಬೇಡದ್ದನ್ನು ಬುಟ್ಟಿಗೆ ಹಾಕಿ 900 ತೆತ್ತು ಬರುತ್ತಾರೆ. ಬೇಕಾದುದರ ಬೆಲೆಯೇ 900ನ್ನು ಮೀರಿದ್ದರೆ ಮಾತ್ರ ಅಲ್ಲಿ ಉಳಿತಾಯವುಂಟು. ಸಂಬಳದ ವಾರದಲ್ಲಿ ಕಲ್ಯಾಣದಿಂದ ನವಿ ಮುಂಬಯಿಯವರೆಗೆ ನಮ್ಮವರ ದುಡ್ಡು ಸೋರುವುದು ಇಂಥ ತೂತುಗಳಿಂದಲೇ.

ಇದು ಬಡವರ ಕ್ಷುದ್ರ ಲೆಕ್ಕವೆಂದು ಯಾರೂ ನಗಬೇಕಾಗಿಲ್ಲ. ಒಬ್ಬ ಪುರುಷನಿಗೆ ಬೇಕಾದ 9 ಪೋಷಕಾಂಶಗಳು ಕಡಿಮೆಯಾಗದಂತೆ, 77 ಪದಾರ್ಥಗಳಿಂದ ಅತ್ಯಂತ ಅಗ್ಗದ ಆಹಾರವನ್ನು ಆರಿಸುವ ಪ್ರಶ್ನೆಯನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1945ರಲ್ಲಿ ಎತ್ತಿದರು. 1939ರ ಧಾರಣೆಯಲ್ಲಿ ವರ್ಷಕ್ಕೆ 39.93 ಡಾಲರ್ ಎಂದು ಅವರ ಅಂದಾಜು. 1947ರಲ್ಲಿ ಜಾರ್ಜ್ ಡಾಂಟ್ಸಿಗ್‌ರ ಹೊಸ ವಿಧಾನದಂತೆ ಅದನ್ನು ಪೂರ್ತಿಯಾಗಿ ಬಿಡಿಸಿದಾಗ ಬಂದುದು 39.69. ಬಿಡಿಸಿದವರು ಯಾರು? ಕೈಯಿಂದ ನಡೆಸುವ ಲೆಕ್ಕದ ಯಂತ್ರಗಳ ಮುಂದೆ ಕುಳಿತ ಒಂಬತ್ತು ಮಂದಿ ಗುಮಾಸ್ತರು! ಒಬ್ಬನೇ ಮಾಡಿದ್ದರೆ ಸುಮಾರು 120 ದಿನಗಳ ಕೆಲಸವದು.

ನಮ್ಮಲ್ಲಿಯೂ ಈ ಪರಂಪರೆ ಹಳೆಯದು. 12ನೆಯ ಶತಮಾನದಲ್ಲಿಯೇ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದನು. ಆದರೆ ಇಂದು ಮಕ್ಕಳು ಅಸಮತೆಯನ್ನು ಪರೀಕ್ಷೆಗೆ ಕಲಿಯುತ್ತಾರೆ, ತಂದೆತಾಯಿಗಳು ಪೇಟೆಯಲ್ಲಿ ಅದನ್ನು ಕಾಣದೆ ಬೆಲೆ ತೆರುತ್ತಾರೆ. ನಮ್ಮ ಸಂಘಗಳು ಭಾನುವಾರ ಒಂದು ಗಂಟೆಯನ್ನು ಇದಕ್ಕಾಗಿ ಮೀಸಲಿಡಲಿ. ಪಠ್ಯಪುಸ್ತಕ ಬೇಡ; ಬಂದವರು ಆ ವಾರದ ಕಿರಾಣಿ ಚೀಟಿಯನ್ನು ತಂದರಾಯಿತು.