ಕಾಗದದ ಕಪ್ಪಿನ ಸಮಾನತೆ

"ಹೋಟೆಲ್ ಹ್ಯಾಂಗದ?" ಎಂದು ಕೇಳಿ ನೋಡಿ. ಕಲಬುರಗಿಯ ಮಂದಿ ತಾಸುಗಟ್ಟಲೆ ಮಾತಾಡುತ್ತಾರೆ. ಅಲ್ಲಿ ಸುಸ್ಲಾ ಮಿರ್ಚಿ ಭಾರಿ ಅದ, ಇಲ್ಲಿ ತಹರಿಗೆ ಉಪ್ಪೇ ಇಲ್ಲ, ಆ ಖಾನಾವಳಿಯ ರೊಟ್ಟಿ ತಣ್ಣಗ, ಈ ಹೋಟೆಲಿನ ಮಾಣಿಗೆ ಸೊಕ್ಕು. ಎಲ್ಲವೂ ಗಿರಾಕಿಯ ತಕರಾರು. ಆದರೆ ತಕರಾರು ಮಾಡಬೇಕಾದರೆ ಮೊದಲು ಗಿರಾಕಿ ಆಗಬೇಕಲ್ಲ ಗೆಳೆಯರೇ! ಈ ದೇಶದಲ್ಲಿ ಕೆಲವರಿಗೆ ಆ ಹಕ್ಕನ್ನೇ ಬರೆದು ಕೊಡಬೇಕಾಯಿತು. ಸಂವಿಧಾನದ 15ನೇ ವಿಧಿಯ ಎರಡನೇ ಕಲಮು ತೆಗೆದು ಓದಿ: ಅಂಗಡಿ, ಹೋಟೆಲು, ಮನರಂಜನೆಯ ಜಾಗ, ಬಾವಿ, ಕೆರೆ. ಚಾದಂಗಡಿಯ ಬೆಂಚು ಸಂವಿಧಾನದೊಳಗೆ ಬಂದು ಕುಂತದ್ದು ಸುಮ್ಮನೆ ಅಲ್ಲ.

"ಈಗ ಎಲ್ಲಿ ಅದ ಸರ್ ಅದೆಲ್ಲಾ? ಸೂಪರ್ ಮಾರ್ಕೆಟ್‌ದಾಗ ಯಾರೂ ಜಾತಿ ಕೇಳಂಗಿಲ್ಲ" ಎನ್ನುತ್ತಾನೆ ಕಾಲೇಜು ಹುಡುಗ. ಖರೆ ಮಾತು. ಸ್ಟೇಶನ್ ರೋಡಿನಲ್ಲೂ ಕೇಳುವುದಿಲ್ಲ. ರಾತ್ರಿ ಬಾರಿನಲ್ಲಂತೂ ಹಮಾಲಿಯವನೂ ಗುಮಾಸ್ತನೂ ಒಂದೇ ಟೇಬಲ್ಲಿಗೆ ಕೂತು ಗ್ಲಾಸಿಗೆ ಗ್ಲಾಸು ತಾಗಿಸುತ್ತಾರೆ. (ಆ ಗ್ಲಾಸು ನಮ್ಮ ಎಷ್ಟು ಮನೆ ಹಾಳು ಮಾಡಿದೆ ಎಂಬುದು ಬೇರೆ ಕತೆ.) ಆದರೆ ಯಾಕೆ ಕೇಳುವುದಿಲ್ಲ? ನೀನು ಯಾರೆಂದು ಗೊತ್ತಿಲ್ಲ, ಅದಕ್ಕೆ. ಗುರುತು ಸಿಗಲಿಲ್ಲ, ಹಾಗಾಗಿ ಮರ್ಯಾದೆ ಸಿಕ್ಕಿತು!

ಅದೇ ಹುಡುಗ ಹುಮನಾಬಾದ್ ದಾರಿಯ ಬಸ್ಸು ಹತ್ತಲಿ. ಹೆದ್ದಾರಿಯ ಢಾಬಾದವನು ರೊಕ್ಕ ನೋಡುತ್ತಾನೆ, ಮುಖ ನೋಡುವುದಿಲ್ಲ. ಕಮಲಾಪುರದಲ್ಲಿ ಇಳಿದರೆ ಅರ್ಧ ಮುಖಗಳು ಪರಿಚಯದವು. ಅಲ್ಲಿಂದ ಒಳಗಿನ ಊರಿಗೆ ಹೋದರೆ ಹೋಟೆಲೆಂದರೆ ನಾಲ್ಕು ಕಂಬ, ಮೇಲೆ ತಗಡು. ಅದರ ಮಾಲಕನಿಗೆ ನಿನ್ನ ಮುತ್ಯಾನ ಹೆಸರೂ ಗೊತ್ತು. ಅಲ್ಲಿಯ ಚಾದ ರುಚಿಯೇ ಬೇರೆ. ಜಾತಿ ಶಹರದಲ್ಲಿ ಸತ್ತಿಲ್ಲ, ಅದಕ್ಕೆ ಅಲ್ಲಿ ನಿನ್ನ ವಿಳಾಸ ಸಿಕ್ಕಿಲ್ಲ, ಅಷ್ಟೇ.

ಅಂಥದೇ ಒಂದು ಊರಿಗೆ ಇಬ್ಬರು ಮಾಸ್ತರರ ಜೊತೆ ಹೋಗಿದ್ದೆ. ಒಂದು ಕಾಲಕ್ಕೆ ನಮ್ಮವರ ಗ್ಲಾಸು ಸೂರಿನ ಸಂದಿಯಲ್ಲಿ ಸಿಕ್ಕಿಸಿರುತ್ತಿತ್ತು. ನಾವೇ ತೆಗೆದು, ಕುಡಿದು, ನಾವೇ ತೊಳೆದಿಡಬೇಕು. ಈಗ ಹಾಗಿಲ್ಲ, ಕಾಗದದ ಕಪ್ಪು ಬಂದಿದೆ. "ಎಲ್ಲಾರಿಗೂ ಇದೇ ಕೊಡ್ತೀವ್ರಿ, ಸ್ವಚ್ಛ ಇರ್ತದ" ಎಂದ ಮಾಲಕ. ಅಷ್ಟರಲ್ಲಿ ಊರ ಗೌಡರು ಬಂದರು. ಒಳಗಿನಿಂದ ಸ್ಟೀಲ್ ಗ್ಲಾಸು ಹೊರಬಂತು! ಕೇಳಿದ್ದಕ್ಕೆ, "ಅವರು ದಿನಾ ಬರೋರ್ರಿ." ನಮ್ಮ ಕೇರಿಯವರೂ ದಿನಾ ಬರೋರೇ ಅಲ್ಲವೇನು?

ಸೂರಿನ ಗ್ಲಾಸಿಗಿಂತ ಈ ಕಪ್ಪು ಹೆಚ್ಚು ಖತರ್ನಾಕು. ಆ ಗ್ಲಾಸನ್ನು ಕಿತ್ತುಕೊಂಡು ಹೋಗಿ ಪೊಲೀಸ್ ಠಾಣೆಯ ಮೇಜಿನ ಮೇಲಿಡಬಹುದಿತ್ತು. ಕಪ್ಪು ಕುಡಿದ ಮರುಗಳಿಗೆಗೆ ಒಲೆಗೆ ಬೀಳುತ್ತದೆ. ಸಾಕ್ಷಿಯೂ ಬೂದಿ.

ಕಾನೂನಿಲ್ಲವೇ? ಬೇಕಾದಷ್ಟಿದೆ. 1955ರ ಅಸ್ಪೃಶ್ಯತಾ ಕಾಯ್ದೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಾಯಿತು. ಹೋಟೆಲಿನ ಪಾತ್ರೆ ಬಳಸಲು ಅಡ್ಡಿ ಮಾಡಿದರೆ ಒಂದರಿಂದ ಆರು ತಿಂಗಳ ಸಜೆ, 100ರಿಂದ 500 ರೂಪಾಯಿ ದಂಡ. ಐನೂರು ರೂಪಾಯಿ! ಇಂದು ಒಂದು ಕುಟುಂಬ ಶಹರದಲ್ಲಿ ಕೂತು ಉಂಡೆದ್ದರೆ ಆಗುವ ಬಿಲ್ಲು. 1989ರ ದೌರ್ಜನ್ಯ ತಡೆ ಕಾಯ್ದೆಗೆ 2016ರ ಜನವರಿಯಿಂದ ಜಾರಿಯಾದ ತಿದ್ದುಪಡಿಯಲ್ಲೂ ಈ ಅಪರಾಧ ಸೇರಿದೆ. ಆರು ತಿಂಗಳಿಂದ ಐದು ವರ್ಷ. ಆದರೆ ನಾಳೆ ಅದೇ ಗೌಡನ ತೊಗರಿ ಹೊಲಕ್ಕೆ ಕೂಲಿಗೆ ಹೋಗಬೇಕಾದವನು ಸಾಕ್ಷಿ ನುಡಿದಾನೇ?

ನುಡಿದರೆ ಏನಾಗುತ್ತದೆಂದು ತಿಳಿಯಲು ನಮ್ಮದೇ ಕಲ್ಯಾಣ ಕರ್ನಾಟಕದ ಮರಕುಂಬಿಗೆ ಹೋಗಿ. ಗಂಗಾವತಿ ತಾಲೂಕಿನ ಆ ಊರಲ್ಲಿ ಹೋಟೆಲಿಗೂ ಕ್ಷೌರದಂಗಡಿಗೂ ಪ್ರವೇಶ ಕೇಳಿದ ತಂಟೆ ಬೆಳೆದು, 2014ರ ಆಗಸ್ಟಿನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ತೀರ್ಪು ಬರಲು ಹತ್ತು ವರ್ಷ ಬೇಕಾಯಿತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ವಿಧಿಸಿತು. ಮರುತಿಂಗಳೇ ಹೈಕೋರ್ಟಿನಲ್ಲಿ ಹೆಚ್ಚಿನವರಿಗೆ ಜಾಮೀನು. ಇಷ್ಟೆಲ್ಲ ಒಂದು ಕಪ್ಪು ಚಾಕ್ಕೆ, ಒಂದು ಕಟಿಂಗಿಗೆ!

ಇನ್ನು ಖಾನಾವಳಿಗಳ ಬೋರ್ಡು ನೋಡಿ. ಬಸವಣ್ಣನ ಹೆಸರು, ಪಕ್ಕದಲ್ಲೇ ಜಾತಿಯ ಹೆಸರು. ಗೋಡೆಯ ಮೇಲೆ ಅವನ ಫೋಟೊ, ಊದಿನಕಡ್ಡಿ. ಕಮಲಾಪುರದ ಇದೇ ದಾರಿ ಹುಮನಾಬಾದ್ ದಾಟಿದರೆ ಬಸವಕಲ್ಯಾಣಕ್ಕೆ ಮುಟ್ಟಿಸುತ್ತದೆ. ಸಮಗಾರ ಹರಳಯ್ಯನ ಮನೆಗೆ ಬ್ರಾಹ್ಮಣ ಮಧುವರಸನ ಮಗಳನ್ನು ತಂದುಕೊಂಡದ್ದಕ್ಕೆ ರಕ್ತ ಹರಿದ ಊರದು. ಎಂಟುನೂರು ವರ್ಷಗಳಾಚೆ ಹೆಣ್ಣು ಕೊಟ್ಟು ತಂದವರ ಹೆಸರಿಟ್ಟುಕೊಂಡು, ಗ್ಲಾಸು ಕೊಡಲು ಕೈ ನಡುಗುತ್ತದೆಯೇ ನಿಮಗೆ?

ಆ ಊರಿನ ಕೇರಿಯ ಹುಡುಗರು ಆಮೇಲೊಂದು ದಿನ ಕೂಡಿಯೇ ಹೋದರಂತೆ. "ನಮಗೂ ಸ್ಟೀಲ್ ಗ್ಲಾಸ್‌ದಾಗ ಕೊಡು" ಅಂದರು. ಮಾಲಕ ಮೂರು ದಿನ ಅಂಗಡಿ ಮುಚ್ಚಿದ. ನಾಲ್ಕನೇ ದಿನ ತೆಗೆದ. ಈಗ ಖರೆನೇ ಎಲ್ಲರಿಗೂ ಕಾಗದದ ಕಪ್ಪು, ಗೌಡರಿಗೂ. ಗೌಡರು ಮಾತ್ರ ಅಲ್ಲಿಗೆ ಬರುವುದು ಬಿಟ್ಟಾರೆ. ಚಾ ಮನಿಗೇ ತರಿಸ್ಕೋತಾರ.