ಮಲಯ ಜಾನಪದದಲ್ಲಿ ಆದತ್ ಮತ್ತು ಇಸ್ಲಾಂ: ‘ಸಂಕರ’ವೆಂಬ ಪರಿಭಾಷೆಯ ಮಿತಿ

ಮಲಯ ಜನರ ಆಚರಣೆಗಳನ್ನು ಕುರಿತ ಅಧ್ಯಯನಗಳು ಬಹುಪಾಲು ಒಂದು ಸಿದ್ಧ ವಿವರಣೆಯಿಂದ ಹೊರಡುತ್ತವೆ. ತಳದಲ್ಲಿ ಭೂತಾರಾಧನೆ, ಅದರ ಮೇಲೆ ಶೈವ, ಎಲ್ಲಕ್ಕೂ ಮೇಲೆ ಇಸ್ಲಾಂ ಎಂಬ ಪದರಗಳ ಕಲ್ಪನೆ ಅದು. ಡಬ್ಲ್ಯು. ಡಬ್ಲ್ಯು. ಸ್ಕೀಟ್ 1900ರಲ್ಲಿ ‘ಮಲಯ್ ಮ್ಯಾಜಿಕ್’ ಪ್ರಕಟಿಸಿದ ನಂತರ, ಆರ್. ಓ. ವಿನ್‌ಸ್ಟೆಡ್ ತಮ್ಮ 1925ರ ಕೃತಿಗೆ ‘ಶಾಮನ್, ಶೈವ ಅಂಡ್ ಸೂಫಿ’ ಎಂದೇ ಹೆಸರಿಟ್ಟರು. ಈ ವಿದ್ವಾಂಸರ ಸಂಗ್ರಹಕಾರ್ಯ ಅಮೂಲ್ಯವಾದುದು. ಆದರೆ ಅವರ ಪರಿಭಾಷೆಯನ್ನು ಮರುಪರಿಶೀಲಿಸುವುದು ಅಗತ್ಯವಾಗಿದೆ.

ಮೊದಲು ಭಾಷೆಯ ಸಾಕ್ಷ್ಯವನ್ನು ಗಮನಿಸಬಹುದು. ಸಂಪ್ರದಾಯಕ್ಕೆ ಮಲಯರು ಬಳಸುವ ‘ಆದತ್’ ಅರಬ್ಬಿ ಮೂಲದ ಪದ. ಧರ್ಮಕ್ಕೆ ಅವರು ಹೇಳುವ ‘ಅಗಾಮ’, ರಂಜಾನಿನ ಉಪವಾಸಕ್ಕೆ ‘ಪುವಾಸ’, ಪಾಪಕ್ಕೆ ‘ದೋಸ’, ಸ್ವರ್ಗಕ್ಕೆ ‘ಶುರ್ಗ’ ಸಂಸ್ಕೃತ ಮೂಲದವು. 14ನೆಯ ಶತಮಾನದ್ದೆಂದು ಗುರುತಿಸಲಾಗಿರುವ ತೆರೆಂಗಾನು ಶಿಲಾಶಾಸನ ಅರಬ್ಬಿ ಲಿಪಿಯಲ್ಲಿ ಇಸ್ಲಾಮಿನ ಕಟ್ಟಳೆಗಳನ್ನು ಸಾರುತ್ತದೆ. ದೇವರನ್ನು ಮಾತ್ರ ‘ದೇವತಾ ಮುಲಿಯ ರಾಯ’ ಎಂದು ಕರೆಯುತ್ತದೆ. ಲೋಕಾಚಾರದ ಹೆಸರು ಅರಬ್ಬಿಯದು, ಧರ್ಮದ ಹೆಸರು ಸಂಸ್ಕೃತದ್ದು ಎಂದಾದರೆ, ಯಾವುದು ತಳ, ಯಾವುದು ಲೇಪ?

ಮಂತ್ರಗಳ ರಚನೆಯೂ ಇದನ್ನೇ ಸೂಚಿಸುತ್ತದೆ. ‘ಬಿಸ್ಮಿಲ್ಲಾ’ದಿಂದ ಆರಂಭವಾಗಿ, ನಡುವೆ ಭಟಾರ ಗುರುವನ್ನೋ ನೆಲದ ಭೂತಗಳನ್ನೋ ಸಂಬೋಧಿಸಿ, ಕಲಿಮಾದ ಬಲದಿಂದ ಮುಕ್ತಾಯಗೊಳ್ಳುವ ಪಠ್ಯಗಳು ಅನೇಕ. ಇದು ಗೊತ್ತುಗುರಿಯಿಲ್ಲದ ಬೆರಕೆಯಲ್ಲ. ಹಳೆಯ ಶಕ್ತಿಗಳನ್ನು ಅಲ್ಲಾಹನ ಅಧೀನದಲ್ಲಿಟ್ಟು ಮಾತನಾಡಿಸುವ ಒಂದು ಶ್ರೇಣೀಕರಣ ಇಲ್ಲಿದೆ. ಸುಮಾತ್ರದ ಮಿನಾಂಗ್‌ಕಬೌ ಜನರು ಪಿತ್ರಾರ್ಜಿತ ಭೂಮಿಯನ್ನು ತಾಯಿಯ ಕಡೆಯಿಂದ ಹೆಣ್ಣುಮಕ್ಕಳಿಗೆ ಉಳಿಸಿ, ಸ್ವಯಾರ್ಜಿತವನ್ನು ಷರಿಯತ್ತಿಗೆ ಬಿಡುವುದು ಇಂಥದೇ ವಿವೇಚನೆಯ ಫಲ.

ಈ ವಿವೇಚನೆಗೆ ಒದಗಿರುವ ಬಿಕ್ಕಟ್ಟು ಸಣ್ಣದಲ್ಲ. ಕೆಲಾಂತನ್ ರಾಜ್ಯದ ‘ಮಾಕ್ ಯೋಂಗ್’ ರಂಗಕಲೆಯಲ್ಲಿ ರಾಜನ ಪಾತ್ರವನ್ನು ವಾಡಿಕೆಯಾಗಿ ಸ್ತ್ರೀಯೇ ವಹಿಸುತ್ತಾಳೆ. ರೋಗ ನಿವಾರಣೆಯ ವಿಧಿಯೊಂದಿಗೂ ಅದಕ್ಕೆ ನಂಟಿದೆ. 1990ರ ದಶಕದಲ್ಲಿ ಅಲ್ಲಿನ ಸರ್ಕಾರ ಅದನ್ನು ಧರ್ಮವಿರುದ್ಧವೆಂದು ನಿಷೇಧಿಸಿತು. 2005ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಪರಂಪರೆಯೆಂದು ಘೋಷಿಸಿತು. 2019ರಲ್ಲಿ ಷರಿಯತ್ ನಿಯಮಗಳಿಗೆ ಒಳಪಟ್ಟು ನಿಷೇಧ ಸಡಿಲವಾಯಿತು. ಆರಾಧನೆಯ ಅಂಶವನ್ನೂ ಸ್ತ್ರೀಪಾತ್ರಧಾರಿಯನ್ನೂ ತೆಗೆದ ಮೇಲೆ ಉಳಿಯುವುದು ಪ್ರದರ್ಶನವೇ ಹೊರತು ಆಚರಣೆಯಲ್ಲ. ಇತ್ತ ಮಲೇಷ್ಯಾದ ಸಂವಿಧಾನದ 160ನೆಯ ವಿಧಿಯು ಇಸ್ಲಾಮಿನಲ್ಲಿ ನಂಬಿಕೆ, ಮಲಯ ಭಾಷೆಯ ರೂಢಿ, ಮಲಯ ಸಂಪ್ರದಾಯದ ಪಾಲನೆ ಮೂರನ್ನೂ ಮಲಯನೊಬ್ಬನ ಲಕ್ಷಣವಾಗಿ ಹೇಳುತ್ತದೆ. ಕಾನೂನು ಒಂದಾಗಿ ಕಂಡುದನ್ನು ಶುದ್ಧೀಕರಣ ಬೇರ್ಪಡಿಸುತ್ತಿದೆ.

ಶುದ್ಧೀಕರಣದ ವಾದವನ್ನು ಹೊರಗಿನದೆಂದು ತಳ್ಳಿಹಾಕುವುದು ಸರಿಯಲ್ಲ. ಏಕದೇವನಿಷ್ಠೆಯ ಪ್ರಶ್ನೆ ಇಸ್ಲಾಮಿನ ಒಳಗಿನದೇ. ಆದರೆ ಶಾಸ್ತ್ರಕ್ಕೆ ವಿರುದ್ಧವಲ್ಲದ ಲೋಕರೂಢಿಯನ್ನು ‘ಉರ್ಫ್’ ಎಂದು ಮಾನ್ಯಮಾಡುವ ನ್ಯಾಯಚಿಂತನೆಯೂ ಅಷ್ಟೇ ಒಳಗಿನದು. ವಿಪರ್ಯಾಸವೆಂದರೆ, ವಸಾಹತುಶಾಹಿ ವಿದ್ವಾಂಸನೂ ಇಂದಿನ ಶುದ್ಧೀಕರಣವಾದಿಯೂ ಒಂದೇ ಗ್ರಹಿಕೆಯನ್ನು ಹಂಚಿಕೊಳ್ಳುತ್ತಾರೆ. ಇಬ್ಬರಿಗೂ ಆದತ್ ಎಂಬುದು ಇಸ್ಲಾಮಿನ ಹೊರಗೆ ಉಳಿದ ಶೇಷ. ಒಬ್ಬನು ಅದನ್ನು ಸಂಗ್ರಹಿಸುತ್ತಾನೆ, ಇನ್ನೊಬ್ಬನು ಅಳಿಸುತ್ತಾನೆ.

ಕನ್ನಡದ ಸಂಶೋಧಕರಿಗೆ ಇದು ದೂರದ ಸಂಗತಿಯಲ್ಲ. ಮಲಯರಂತೆ ನಮ್ಮ ಕರಾವಳಿಯ ಬ್ಯಾರಿ ಮತ್ತು ನವಾಯತ ಸಮುದಾಯಗಳೂ ಶಾಫಿ ಪಂಥವನ್ನೇ ಅನುಸರಿಸುತ್ತವೆ. ಹಿಂದೂ ಮಹಾಸಾಗರದ ವ್ಯಾಪಾರ ಬೆಸೆದ ಲೋಕವದು. ನಮ್ಮ ಜಾನಪದ ಅಧ್ಯಯನಗಳಲ್ಲಿಯೂ ‘ಸಂಕರ’, ‘ಸಮನ್ವಯ’ ಎಂಬ ಪದಗಳು ಹೆಚ್ಚು ಪರಿಶೀಲನೆಯಿಲ್ಲದೆ ಬಳಕೆಯಾಗುತ್ತಿವೆ. ಮೊದಲನೆಯದು ಆಚರಣೆಯನ್ನು ದೂಷಿಸುತ್ತದೆ, ಎರಡನೆಯದು ಹೊಗಳುತ್ತದೆ; ಎರಡೂ ಅದನ್ನು ನಡೆಸುವವರ ವಿವೇಚನೆಯನ್ನು ಕೇಳಿಸಿಕೊಳ್ಳುವುದಿಲ್ಲ. ಆಚರಿಸುವವರು ಯಾವುದನ್ನು ಯಾವುದರ ಅಧೀನದಲ್ಲಿ ಇಡುತ್ತಾರೆ ಎಂಬ ಪ್ರಶ್ನೆಯಿಂದ ಕ್ಷೇತ್ರಕಾರ್ಯ ಆರಂಭವಾಗಬೇಕು.