ಗೈ ಫಾಕ್ಸನೂ ಬಲೀಂದ್ರನೂ

ಮಂಗಳೂರಿನಿಂದ ಹೋಗಿ ಇಂಗ್ಲೆಂಡಿನಲ್ಲಿ ನೆಲಸಿದ ಕುಟುಂಬಗಳ ನೆರೆಹೊರೆಯವರಲ್ಲಿ ಒಂದು ತಪ್ಪು ಗ್ರಹಿಕೆ ಮೂಡುವುದು ಸಹಜವೇ ಆಗಿದೆ. ದೀಪಾವಳಿಯು ಹೆಚ್ಚಾಗಿ ಅಕ್ಟೋಬರ್ ಕೊನೆಗೋ ನವೆಂಬರ್ ಮೊದಲಿಗೋ ಬರುತ್ತದೆ. ಆಂಗ್ಲರ ‘ಬಾನ್‌ಫೈರ್’ ರಾತ್ರಿಯು ನವೆಂಬರ್ 5ಕ್ಕೆ ತಪ್ಪದೆ ಬರುತ್ತದೆ. ಒಂದೇ ಅಂಗಡಿಯ ಬಾಣಬಿರುಸುಗಳು ಎರಡು ಹಬ್ಬಗಳಿಗೂ ಒದಗುತ್ತವೆ. ಎರಡೂ ಬೆಂಕಿಯ ಹಬ್ಬಗಳೇ, ಎರಡೂ ಒಂದೇ ಎಂದು ಆಂಗ್ಲ ಗೃಹಿಣಿಯು ತಿಳಿದರೆ ಆಕೆಯನ್ನು ದೂರುವಂತಿಲ್ಲ. ಆದರೆ ಸೋತವನನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಈ ಎರಡು ಹಬ್ಬಗಳು ಕೊಡುವ ಉತ್ತರಗಳು ಒಂದಕ್ಕೊಂದು ತೀರ ವಿರುದ್ಧವಾದವು.

ಆಂಗ್ಲರ ಹಬ್ಬದ ಮೂಲವು 1605ನೆಯ ಇಸವಿಯದು. ದೊರೆ ಒಂದನೆಯ ಜೇಮ್ಸನ ಆಳ್ವಿಕೆಯಲ್ಲಿ ಕಿರುಕುಳಕ್ಕೆ ಗುರಿಯಾಗಿದ್ದ ಕ್ಯಾಥೊಲಿಕರ ಪೈಕಿ ಹದಿಮೂರು ಮಂದಿ ಸೇರಿ, ಪಾರ್ಲಿಮೆಂಟಿನ ಪ್ರಭುಸಭೆಯ ಕೆಳಗಿನ ನೆಲಮಾಳಿಗೆಯಲ್ಲಿ 36 ಪೀಪಾಯಿ ಕೋವಿಮದ್ದನ್ನು ಕೂಡಿಟ್ಟರು. ಸಂಚಿನ ನಾಯಕನು ರಾಬರ್ಟ್ ಕೇಟ್ಸ್‌ಬಿ. ಗೈ ಫಾಕ್ಸನು ಮದ್ದಿಗೆ ಕಿಚ್ಚಿಡಲು ನಿಯುಕ್ತನಾದವನು ಮಾತ್ರ. ಆದರೆ ಪೀಪಾಯಿಗಳ ಬಳಿ ಸಿಕ್ಕಿಬಿದ್ದವನು ಆತನಾದುದರಿಂದ ಅಪಕೀರ್ತಿಯೆಲ್ಲವೂ ಆತನ ಪಾಲಿಗೆ ಬಂದಿತು. 1606ರ ಜನವರಿ 31ರಂದು ಅವನನ್ನು ಗಲ್ಲಿಗೇರಿಸಿದರು. ದೊರೆ ಬದುಕಿದ ದಿನವನ್ನು ವರ್ಷವರ್ಷವೂ ಕೊಂಡಾಡಬೇಕೆಂದು ಪಾರ್ಲಿಮೆಂಟು ಕಾಯಿದೆಯನ್ನೇ ಮಾಡಿತು. ಬೆಂಕಿಯಲ್ಲಿ ಸಾಯದ ಫಾಕ್ಸನು ಹುಲ್ಲು ತುಂಬಿದ ಬೊಂಬೆಯಾಗಿ ಸಾವಿರಾರು ಬೆಂಕಿಗಳಲ್ಲಿ ಸಾಯುತ್ತಲೇ ಬಂದಿದ್ದಾನೆ. ಆ ಬೊಂಬೆಯನ್ನು ‘ಗೈ’ ಎಂದು ಕರೆದು, ಅದನ್ನು ಬೀದಿಯಲ್ಲಿ ಮೆರೆಸಿ ಕಾಸು ಬೇಡುವುದು ಹುಡುಗರ ವಾಡಿಕೆಯಾಗಿತ್ತು. ಆಂಗ್ಲ ಭಾಷೆಯಲ್ಲಿ ಇಂದು ಯಾವನೇ ಒಬ್ಬ ಮನುಷ್ಯನಿಗೆ ‘ಗೈ’ ಎನ್ನುವುದು ಈ ಬೊಂಬೆಯಿಂದಲೇ ಬಂದ ಪ್ರಯೋಗ. ರಾಜದ್ರೋಹಿಯ ಹೆಸರು ಕಟ್ಟಕಡೆಗೆ ಎಲ್ಲರ ಹೆಸರಾದದ್ದು ವಿನೋದವೇ ಸರಿ. ಯಾರ್ಕ್ ನಗರದ ಸೇಂಟ್ ಪೀಟರ್ಸ್ ಶಾಲೆಯಲ್ಲಿ ಮಾತ್ರ ಬೊಂಬೆಯನ್ನು ಸುಡುವುದಿಲ್ಲ. ಫಾಕ್ಸನು ಆ ಶಾಲೆಯ ಹಳೆಯ ವಿದ್ಯಾರ್ಥಿ!

ಬೆಂಕಿಯ ಸುತ್ತ ನಿಂತವರ ಕೈಯಲ್ಲಿ ಬಿಯರಿನ ಪಾತ್ರೆ ಇರುವುದು ಆ ದೇಶದ ಚಳಿಗೂ ಅಭ್ಯಾಸಕ್ಕೂ ಒಪ್ಪುವಂಥದು. ಡೆವನ್ ಪ್ರಾಂತದ ಆಟರಿ ಸೇಂಟ್ ಮೇರಿ ಎಂಬ ಊರಿನಲ್ಲಿ ಡಾಂಬರು ಬಳಿದ ಪೀಪಾಯಿಗಳಿಗೆ ಬೆಂಕಿ ಹಚ್ಚಿ, ಉರಿಯುತ್ತಿರುವಾಗಲೇ ಹೆಗಲ ಮೇಲೆ ಹೊತ್ತು ಜನರ ನಡುವೆ ಓಡುತ್ತಾರೆ. ಒಂದೊಂದು ಪೀಪಾಯಿಗೆ ಊರಿನ ಒಂದೊಂದು ಪಾನಗೃಹವು ಪೋಷಕ. ಸಸೆಕ್ಸಿನ ಲೂಯಿಸ್ ಪಟ್ಟಣದ ಹಾರ್ವೀಸ್ ಬಿಯರ್ ಕಾರ್ಖಾನೆಯು 1790ರಿಂದ ನಡೆದುಬಂದದ್ದು. ಅದು ಈ ಹಬ್ಬದ ಹೆಸರನ್ನೇ ಹೊತ್ತ ಬಿಯರನ್ನೂ ತಯಾರಿಸುತ್ತದೆ. ಹಗೆಯಿಂದ ಹುಟ್ಟಿದ ಬೆಂಕಿಯನ್ನು ಮೋಜಿನ ಬೆಂಕಿಯನ್ನಾಗಿ ಮಾಡುವುದರಲ್ಲಿ ಪಾದ್ರಿಗಳ ಉಪದೇಶಕ್ಕಿಂತ ಈ ಪಾನಗೃಹಗಳ ಪಾಲೇ ಹೆಚ್ಚೆಂದರೆ ತಪ್ಪಾಗಲಾರದು.

ಹಾಗೆಂದು ಹಗೆಯು ಪೂರ್ತಿಯಾಗಿ ಕರಗಿತೆನ್ನುವಂತಿಲ್ಲ. ಲೂಯಿಸ್ ಪಟ್ಟಣದಲ್ಲಿ 1555ರಿಂದ 1557ರವರೆಗೆ, ರಾಣಿ ಮೇರಿಯ ಕಾಲದಲ್ಲಿ, ಹದಿನೇಳು ಮಂದಿ ಪ್ರಾಟೆಸ್ಟಂಟರನ್ನು ಜೀವಂತವಾಗಿ ಸುಟ್ಟಿದ್ದರು. ಅವರ ನೆನಪಿಗೆ ನವೆಂಬರ್ 5ರ ರಾತ್ರಿ ಹದಿನೇಳು ಉರಿಯುವ ಶಿಲುಬೆಗಳ ಮೆರವಣಿಗೆ ನಡೆಯುತ್ತದೆ. ಫಾಕ್ಸನ ಕಾಲದಲ್ಲಿದ್ದ ಪೋಪ್ ಐದನೆಯ ಪಾಲನ ಬೊಂಬೆಯನ್ನೂ ಅಲ್ಲಿ ಸುಡುವ ಪದ್ಧತಿಯಿದೆ. ಸತ್ತವರನ್ನು ನೆನೆಯುವುದು ಯೋಗ್ಯವೇ. ಆದರೆ ಮಂಗಳೂರಿನ ಕ್ಯಾಥೊಲಿಕ್ ಮನೆತನದ ತರುಣನೊಬ್ಬನು ಆ ಬೀದಿಯ ಬದಿಯಲ್ಲಿ ನಿಂತು ಅದನ್ನು ಕಂಡರೆ, ಕೈಯಲ್ಲಿರುವ ಬಿಯರು ಅವನಿಗೆ ಅಷ್ಟು ಸುಲಭವಾಗಿ ಇಳಿಯಲಾರದು. 2003ರಲ್ಲಿ ಲೂಯಿಸ್ ಸಮೀಪದ ಫರ್ಲ್ ಎಂಬ ಹಳ್ಳಿಯವರು ಜಿಪ್ಸಿ ಅಲೆಮಾರಿಗಳ ವಾಸದ ಗಾಡಿಯೊಂದರ ಪ್ರತಿಕೃತಿಯನ್ನು, ಅದರ ಕಿಟಕಿಗಳಲ್ಲಿ ಒಂದು ಸಂಸಾರದ ಚಿತ್ರಗಳನ್ನೂ ಬರೆದು, ಸುಟ್ಟರು. ದೇಶದಲ್ಲೆಲ್ಲ ಗದ್ದಲವೆದ್ದಿತು, ಪೊಲೀಸರು ಕೆಲವರನ್ನು ಹಿಡಿದು ವಿಚಾರಿಸಿದರು, ಮೊಕದ್ದಮೆಯವರೆಗೆ ಸಂಗತಿ ಹೋಗಲಿಲ್ಲ. ಬೊಂಬೆ ಸುಡುವ ಅಭ್ಯಾಸ ಒಮ್ಮೆ ಊರಿಗೆ ಹಿಡಿದರೆ, ಬೊಂಬೆಗೆ ಯಾರ ಮುಖ ಬರೆಯಬೇಕೆಂಬುದನ್ನು ಆಯಾ ಕಾಲದ ಗುಂಪು ನಿಶ್ಚಯಿಸುತ್ತದೆ.

ಆಂಗ್ಲರು ಕರ್ನಾಟಕಕ್ಕೆ ಬಿಯರನ್ನು ತಂದರು, ಬೊಂಬೆಯ ಬೆಂಕಿ ಮಾತ್ರ ಇಲ್ಲಿ ಬೇರೂರಲಿಲ್ಲ. ದಂಡಿನವರ ಬಾಯಾರಿಕೆಗೆಂದು ಹುಟ್ಟಿದ ಬಿಯರ್ ಕಾರ್ಖಾನೆಗಳಲ್ಲಿ ಕೆಲವನ್ನು 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬಾತನು ಒಂದುಗೂಡಿಸಿ ಯುನೈಟೆಡ್ ಬ್ರೂವರೀಸ್ ಸಂಸ್ಥೆಯನ್ನು ಕಟ್ಟಿದನು. 1947ರಲ್ಲಿ ಅದರ ಮೊದಲ ಭಾರತೀಯ ನಿರ್ದೇಶಕರಾದ ವಿಠಲ ಮಲ್ಯರು ಮಂಗಳೂರಿಗೆ ನೆರೆಯ ಬಂಟ್ವಾಳದ ಮನೆತನದವರು. ಬಟ್ಟಲು ಹೀಗೆ ಕೈ ಬದಲಾಯಿಸಿತು.

ಬೊಂಬೆ ಸುಡಲು ಮಂಗಳೂರಿನಲ್ಲಿ ಕಂಪೆನಿ ಸರಕಾರಕ್ಕೆ ಕಾರಣವೇ ಇರಲಿಲ್ಲವೆನ್ನುವಂತಿಲ್ಲ. 1834ರಲ್ಲಿ ಕೊಡಗಿನ ದೊರೆ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಕಂಪೆನಿಯವರು, ಅವನ ರಾಜ್ಯಕ್ಕೆ ಸೇರಿದ್ದ ಅಮರಸುಳ್ಯದ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ಹಣದಲ್ಲೇ ಕೊಡಬೇಕೆಂಬ ಆಜ್ಞೆಯಿಂದ ರೈತರು ಕಂಗೆಟ್ಟರು. 1837ರಲ್ಲಿ ಪುಟ್ಟಬಸಪ್ಪ, ಕೆದಂಬಾಡಿ ರಾಮಯ್ಯಗೌಡ, ನಂದಾವರದ ಲಕ್ಷ್ಮಪ್ಪ ಬಂಗರಸ ಮೊದಲಾದವರ ನೇತೃತ್ವದಲ್ಲಿ ಎದ್ದ ದಂಡು ಏಪ್ರಿಲ್ 5ರಂದು ಮಂಗಳೂರನ್ನು ಹೊಕ್ಕಿತು. ಕಚೇರಿಗೆ ಬೆಂಕಿ ಬಿದ್ದಿತು, ಸೆರೆಮನೆಯ ಬಾಗಿಲು ತೆರೆಯಿತು, ಕಂಪೆನಿಯ ಅಧಿಕಾರಿಗಳು ಕಣ್ಣೂರಿನ ಕಡೆಗೆ ತೆರಳಬೇಕಾಯಿತು. ಹದಿಮೂರು ದಿನ ನಗರವು ಬಂಡಾಯಗಾರರ ವಶದಲ್ಲಿದ್ದಿತು. ಅನಂತರ ಕಣ್ಣೂರಿನಿಂದ ಸೈನ್ಯ ಬಂದಿತು. ಪುಟ್ಟಬಸಪ್ಪ ಮೊದಲಾದವರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು.

ಲಂಡನ್ನಿನಲ್ಲಿ ಆಗದೆ ಹೋದುದು ಮಂಗಳೂರಿನಲ್ಲಿ ಹದಿಮೂರು ದಿನ ಆಗಿಯೇ ಆಯಿತು. ಕಂಪೆನಿಯವರು ಏಪ್ರಿಲ್ 5ನ್ನೂ ನವೆಂಬರ್ 5ರಂತೆ ಆಚರಿಸಲು ಕಾಯಿದೆ ಮಾಡಲಿಲ್ಲ. ಕೈಬೆರಳೆಣಿಕೆಯ ಬಿಳಿಯರು ಒಂದು ಜಿಲ್ಲೆಯನ್ನು ಆಳುವಾಗ, ಜನರನ್ನು ಬೀದಿಗೆ ಕರೆದು ಅವರ ಕೈಗೆ ಬೆಂಕಿ ಕೊಡುವುದು ಬುದ್ಧಿವಂತಿಕೆಯ ಕೆಲಸವಾಗುತ್ತಿರಲಿಲ್ಲ. ಅದರ ಬದಲು ಒಂದು ಹೆಸರು ಉಳಿಯಿತು: ‘ಕಲ್ಯಾಣಪ್ಪನ ಕಾಟಕಾಯಿ’. ಪುಟ್ಟಬಸಪ್ಪನು ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ಮುಂದಾಳಾಗಿದ್ದುದರಿಂದ ಬಂದ ಮಾತು ಅದು. ರೈತರ ಬಂಡಾಯವು ಬಹುಕಾಲ ಕೊಳ್ಳೆಗಾರರ ಕಾಟವೆಂದೇ ಜನರ ಬಾಯಲ್ಲಿ ಉಳಿಯಿತು. ಹುಲ್ಲಿನ ಬೊಂಬೆ ಮಾಡಬೇಕಾದ ಕೆಲಸವನ್ನು ಆ ಒಂದು ಹೆಸರೇ ಮಾಡಿತು. ಬಂಡಾಯಗಾರರು ಬಾವುಟವೇರಿಸಿದ ಸ್ಥಳವೆಂದು ಹೇಳುವ ಬಾವುಟಗುಡ್ಡದಲ್ಲಿ ಕೆದಂಬಾಡಿ ರಾಮಯ್ಯಗೌಡರ ಪ್ರತಿಮೆ ನಿಂತದ್ದು 2022ರ ನವೆಂಬರಿನಲ್ಲಿ, ಅಂದರೆ 185 ವರ್ಷಗಳ ಮೇಲೆ. ಪದಚ್ಯುತ ದೊರೆ ಚಿಕ್ಕವೀರರಾಜೇಂದ್ರನಾದರೋ 1852ರಲ್ಲಿ ಇಂಗ್ಲೆಂಡಿಗೆ ಹೋದವನು ಮರಳಲಿಲ್ಲ. 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ನವೆಂಬರ್ 5ರ ಕಾಯಿದೆಯನ್ನು ಪಾರ್ಲಿಮೆಂಟು ರದ್ದು ಮಾಡಿದ್ದೂ ಅದೇ ವರ್ಷ. ಕಾಯಿದೆ ಹೋಯಿತು, ಬೆಂಕಿ ಆರಲಿಲ್ಲ.

ಕನ್ನಡ ನಾಡಿನಲ್ಲಿ ಬೊಂಬೆ ಸುಡುವುದಿಲ್ಲವೇ ಎಂದು ವಾಚಕರು ಕೇಳಬಹುದು. ಉತ್ತರ ಕರ್ನಾಟಕದ ಕಾಮನ ಹಬ್ಬವಿದೆಯಷ್ಟೆ. ಹಲಗೆ ಬಾರಿಸುತ್ತ ಸೌದೆ ಕುಳ್ಳುಗಳನ್ನು ಕದಿಯುವ ಅಲ್ಲಿಯ ಹುಡುಗರು ಇಂಗ್ಲೆಂಡಿನ ಹುಡುಗರಿಗೆ ಖಾಸಾ ಸೋದರರು. ಆದರೆ ಕಾಮನು ಯಾರಿಗೂ ಶತ್ರುವಲ್ಲ. ಅವನನ್ನು ಸುಟ್ಟವರೇ ಬಾಯಿ ಬಡಿದುಕೊಂಡು ಅಳುತ್ತಾರೆ.

ತುಳುನಾಡಿನ ದೀಪಾವಳಿಯು ಇದಕ್ಕೂ ಒಂದು ಹೆಜ್ಜೆ ಮುಂದೆ. ಇಲ್ಲಿ ಹಬ್ಬದ ಒಡೆಯನೇ ಸೋತವನು. ವಾಮನನ ಪಾದದಡಿಯಲ್ಲಿ ಪಾತಾಳಕ್ಕಿಳಿದ ಬಲಿ ಚಕ್ರವರ್ತಿಗೆ ವರ್ಷಕ್ಕೊಮ್ಮೆ ತನ್ನ ನಾಡನ್ನು ನೋಡಿಹೋಗುವ ಅವಕಾಶವುಂಟೆಂಬುದು ನಂಬಿಕೆ. ಅಂಗಳದಲ್ಲಿ ಹಾಲೆಯ ಮರದ ಕಂಬವನ್ನು ನೆಟ್ಟು, ಕಾಡುಹೂಗಳಿಂದ ಸಿಂಗರಿಸಿ, ದೀಪವಿಟ್ಟು ಅದನ್ನೇ ಬಲೀಂದ್ರನೆಂದು ಭಾವಿಸುತ್ತಾರೆ. ನೇಗಿಲು, ನೊಗಗಳನ್ನು ತೊಳೆದು ಸಾಲಾಗಿ ಇಡುತ್ತಾರೆ. ಬತ್ತಿ ಸುತ್ತಿದ ಕೋಲುಗಳಿಗೆ ದೀಪ ಹಚ್ಚಿ ಗದ್ದೆಗೆ ಒಯ್ದು, ಅವಲಕ್ಕಿಯನ್ನೂ ತೆಂಗಿನಕಾಯಿಯ ಚೂರುಗಳನ್ನೂ ಬಡಿಸಿ, ಮನೆಯ ಹಿರಿಯನು ಬಲೀಂದ್ರನನ್ನು ಹೆಸರು ಹಿಡಿದು ಕರೆಯುತ್ತಾನೆ. ಅವನ ರಾಜ್ಯವನ್ನು ಅವನಿಗೆ ಹಿಂದಿರುಗಿಸಲು ಹಾಡಿನಲ್ಲಿ ಹೇಳುವ ಷರತ್ತುಗಳು ಎಂದಿಗೂ ಕೈಗೂಡದಂಥವು. ಅದು ಕರೆಯುವವನಿಗೂ ಗೊತ್ತು, ಬರುವವನಿಗೂ ಗೊತ್ತು. ರಾಜ್ಯ ಕೊಡಲಾಗದಿದ್ದರೂ ಊಟಕ್ಕೆ ಕರೆಯಬಹುದೆಂಬ ಈ ದಾಕ್ಷಿಣ್ಯವು ಯಾವ ಪಾರ್ಲಿಮೆಂಟಿಗೂ ಹೊಳೆದುದಲ್ಲ.

ಮಂಗಳೂರು ನಗರದೊಳಗೆ ಅನೇಕ ಗದ್ದೆಗಳು ಮನೆಗಳಾಗಿವೆ. ಹಬ್ಬದ ಬೆಳಕೆಂದರೆ ಈಗ ಮುಖ್ಯವಾಗಿ ಬಾಗಿಲ ಮುಂದಿನ ಗೂಡುದೀಪ. ಕುದ್ರೋಳಿಯ ಗೋಕರ್ಣನಾಥ ದೇವಾಲಯದಲ್ಲಿ ಅದಕ್ಕೊಂದು ಸ್ಪರ್ಧೆಯೂ ನಡೆಯುತ್ತದೆ. ಯಾರ ಗೂಡುದೀಪ ಚೆಂದವೆಂದು ತೀರ್ಪುಗಾರರು ನೋಡುತ್ತಾರೆ. ಅದು ಯಾರಿಗೆ ದಾರಿ ತೋರಲು ಹಚ್ಚಿದ ದೀಪವೆಂದು ಮಕ್ಕಳನ್ನು ಕೇಳುವವರು ವಿರಳ. ನಗರದಿಂದ ಕೆಲವು ಮೈಲಿ ಆಚೆ, ಗದ್ದೆಗಳು ಇನ್ನೂ ಗದ್ದೆಗಳಾಗಿಯೇ ಉಳಿದೆಡೆಯಲ್ಲಿ, ಹಿರಿಯನು ಕರೆದು ಮುಗಿಸುತ್ತಲೇ ಮನೆಮಂದಿಯೆಲ್ಲ ಕತ್ತಲೆಯ ಕಡೆಗೆ ಮುಖಮಾಡಿ ‘ಕೂ’ ಎಂದು ಕೂಗುತ್ತಾರೆ. ತುಸು ಹೊತ್ತಿನಲ್ಲಿ ಬಯಲಿನ ಆಚೆಯ ಮನೆಯಿಂದಲೂ ಅದೇ ಕೂಗು ಕೇಳಿಬರುತ್ತದೆ.